ಭಾನುವಾರದ ಶಾಂತಿ ಸೋಮವಾರ ಬೆಳಿಗ್ಗೆ ಎಲ್ಲಿಗೆ ಹೋಗುತ್ತದೆ?

ಸಪ್ತಾಪುರದ ಮಗಳು | ಸೋಮವಾರ, ರಾತ್ರಿ 11:42

ಎಲ್ಲರಿಗೂ ವಂದನೆಗಳು. ಇಲ್ಲಿ ಬಹಳ ದಿನಗಳಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ಮನೆ ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿಯ ಒಂದು ಖಾಸಗಿ ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ. ಬೆಳಿಗ್ಗೆ ಐದಕ್ಕೆ ಎದ್ದು ಮೊದಲು ಅತ್ತೆಯವರ ಕೆಲಸ. ಅವರಿಗೆ ಪಾರ್ಶ್ವವಾಯು ಆಗಿ ಹದಿನಾಲ್ಕು ತಿಂಗಳಾಯಿತು, ಬಲಗೈ ಏಳುವುದಿಲ್ಲ. ಮಗ ಪಿಯುಸಿ ಎರಡನೆಯ ವರ್ಷ. ಯಜಮಾನರ ಕೆಲಸ ಕಳೆದ ವರ್ಷದಿಂದ ಅರ್ಧಕ್ಕೆ ಇಳಿದಿದೆ. ಎಂಟೂವರೆಯ ಚಿಗರಿ ಬಸ್ಸು ತಪ್ಪಿದರೆ ಕಚೇರಿಯಲ್ಲಿ ಮಾತು ಕೇಳಬೇಕು.

ನಾಲ್ಕು ತಲೆಮಾರಿನಿಂದ ಕ್ರೈಸ್ತರು ನಾವು, ಅಜ್ಜಿ ಬೆಟಗೇರಿಯವರು. ಭಾನುವಾರ ಆರಾಧನೆಯ ಕೊನೆಯಲ್ಲಿ ಆಶೀರ್ವಾದ ಹೇಳುವ ಹೊತ್ತಿಗೆ ಎದೆಯ ಮೇಲಿನ ಕಲ್ಲು ಯಾರೋ ಎತ್ತಿಕೊಂಡಂತೆ ಇರುತ್ತದೆ. ಸೋಮವಾರ ಬಸ್ಸು ನವನಗರ ದಾಟುವುದರೊಳಗೆ ಆ ಕಲ್ಲು ಮತ್ತೆ ಬಂದು ಕುಳಿತಿರುತ್ತದೆ. ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ, ಆಮೇಲೆ ನಿದ್ದೆ ಇಲ್ಲ. ಪ್ರಾರ್ಥನೆಗೆ ಕುಳಿತರೆ ನಡುವೆಯೇ ಲೆಕ್ಕ ಶುರುವಾಗುತ್ತದೆ: ಕಂತು ಇಷ್ಟು, ಔಷಧಿ ಇಷ್ಟು, ಫೀ ಇಷ್ಟು.

ಕಳೆದ ವಾರ ಒಂದು ಪ್ರಾರ್ಥನಾ ಕೂಟದಲ್ಲಿ ಇದನ್ನು ಹೇಳಿಕೊಂಡೆ. ಹಿರಿಯರೊಬ್ಬರು ಎಲ್ಲರ ಎದುರಿಗೆ, "ವಿಶ್ವಾಸ ಇರುವಲ್ಲಿ ಚಿಂತೆ ಇರುವುದಿಲ್ಲ ತಂಗಿ, ನಿನ್ನ ವಿಶ್ವಾಸವನ್ನು ಪರೀಕ್ಷಿಸಿಕೋ" ಎಂದರು. ಅಂದಿನಿಂದ ಇದ್ದ ಚಿಂತೆಗಳ ಜೊತೆಗೆ ಇದೂ ಒಂದು ಸೇರಿಕೊಂಡಿದೆ.

ನಿಮ್ಮನ್ನು ಕೇಳುವುದು ಇಷ್ಟೇ. ಸೋಮವಾರ ಬೆಳಿಗ್ಗೆ ನೀವು ಏನು ಮಾಡುತ್ತೀರಿ?

ಕೇಶ್ವಾಪುರ ಸಹೋದರ | ಮಂಗಳವಾರ, ಬೆಳಿಗ್ಗೆ 6:05

ಕರ್ತನಿಗೆ ಸ್ತೋತ್ರ. ಸಹೋದರಿ, ಆ ಹಿರಿಯರು ಎಲ್ಲರ ಎದುರಿಗೆ ಹೇಳಿದ್ದು ಸರಿಯಲ್ಲ, ಒಪ್ಪುತ್ತೇನೆ. ಆದರೆ ಹೇಳಿದ ಮಾತು ಸುಳ್ಳಲ್ಲ. "ಭಯಪಡಬೇಡ" ಎಂಬ ಆಜ್ಞೆ ಬೈಬಲಿನಲ್ಲಿ 365 ಸಲ ಇದೆ, ವರ್ಷದ ದಿನಕ್ಕೊಂದರಂತೆ. ಆಜ್ಞೆ ಇದ್ದ ಮೇಲೆ ಅದನ್ನು ಪಾಲಿಸದಿರುವುದು ಅವಿಧೇಯತೆಯೇ. ಮೂರು ದಿನ ಉಪವಾಸ ಪ್ರಾರ್ಥನೆ ಮಾಡಿ ನೋಡಿ, ಕಲ್ಲು ತಾನಾಗಿ ಉರುಳುತ್ತದೆ.

ರಾಣೆಬೆನ್ನೂರು ರೈತ | ಮಂಗಳವಾರ, ಬೆಳಿಗ್ಗೆ 6:31

ಐದಕ್ಕೆ ಎದ್ದು ಹಾಸಿಗೆ ಹಿಡಿದವರ ಸೇವೆ ಮಾಡಿ, ಹುಬ್ಬಳ್ಳಿಗೆ ಹೋಗಿ ದುಡಿದು ಬರುವ ಹೆಣ್ಣುಮಗಳಿಗೆ ಉಪವಾಸ ಮಾಡು ಎನ್ನುತ್ತೀರಲ್ಲ ಅಣ್ಣಾ! ಮೊದಲು ಆಕೆ ಎರಡು ರೊಟ್ಟಿ ಹೆಚ್ಚು ತಿನ್ನಲಿ.

ನಿವೃತ್ತ ಸಭಾಪಾಲಕ | ಮಂಗಳವಾರ, ಬೆಳಿಗ್ಗೆ 7:20

ಕೇಶ್ವಾಪುರದ ಸಹೋದರರೇ, ಆ 365ರ ಲೆಕ್ಕವನ್ನು ನಾನೂ ಹಿಂದೆ ಪ್ರಸಂಗದಲ್ಲಿ ಹೇಳಿದ್ದೆ. ಆಮೇಲೆ ಕುಳಿತು ಎಣಿಸಿದೆ. ಅಷ್ಟು ಸಿಗುವುದಿಲ್ಲ. ಕೇಳಲು ಚೆಂದವಾಗಿರುವುದರಿಂದ ಬಾಯಿಂದ ಬಾಯಿಗೆ ಹೋಗಿರುವ ಮಾತು ಅದು.

ಲೆಕ್ಕ ಹೋಗಲಿ. ಆ ಮಾತನ್ನು ಯಾರಿಗೆ ಹೇಳಲಾಗಿದೆ ಎಂದು ನೋಡಿ. ಅರಣ್ಯದಲ್ಲಿ ಮಗನ ಜೊತೆ ನೀರಿಲ್ಲದೆ ಕುಳಿತು ಅಳುತ್ತಿದ್ದ ಹಾಗರಳಿಗೆ. ರಾತ್ರಿ ಹಿಂಡು ಕಾಯುತ್ತಿದ್ದ ಕುರುಬರಿಗೆ. ಭಯದಲ್ಲಿ ಇದ್ದವರಿಗೇ ಅದನ್ನು ಹೇಳಿದ್ದು. ಮಗು ಕತ್ತಲಲ್ಲಿ ಅತ್ತರೆ ತಾಯಿ "ಹೆದರಬೇಡ, ನಾನಿದ್ದೇನೆ" ಎನ್ನುತ್ತಾಳೆ. ಅದನ್ನು ಆಜ್ಞೆ ಎಂದು ಬರೆದಿಟ್ಟುಕೊಂಡು, ಅತ್ತದ್ದಕ್ಕೆ ಮಗುವಿಗೆ ದಂಡ ಹಾಕುವ ತಾಯಿ ಎಲ್ಲಿದ್ದಾಳೆ?

ರೈತರು ರೊಟ್ಟಿಯ ಮಾತು ಸರಿಯಾಗಿ ಆಡಿದರು. ಒಂದನೆಯ ಅರಸುಗಳು 19ನೆಯ ಅಧ್ಯಾಯವನ್ನು ಓದು ಮಗಳೇ. ಎಲೀಯನು ಗಿಡದ ಕೆಳಗೆ ಕುಳಿತು "ಸಾಕು ಕರ್ತನೇ, ನನ್ನ ಪ್ರಾಣವನ್ನು ತೆಗೆದುಕೋ" ಎಂದು ಕೇಳಿಕೊಂಡ. ದೇವದೂತ ಬಂದು ವಿಶ್ವಾಸದ ಪರೀಕ್ಷೆ ಮಾಡಲಿಲ್ಲ. ಬಿಸಿ ರೊಟ್ಟಿ ಕೊಟ್ಟ, ನೀರು ಕೊಟ್ಟ, ಮಲಗಲು ಬಿಟ್ಟ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ದೇವರು ಆತನೊಡನೆ ಮಾತಾಡಿದ್ದು ಅದೆಲ್ಲ ಆಗಿ, ನಲವತ್ತು ದಿನಗಳ ನಡಿಗೆಯ ನಂತರ.

ವಾರ್ಡ್ ದಾದಿ | ಮಂಗಳವಾರ, ಮಧ್ಯಾಹ್ನ 2:15

ಅಕ್ಕಾ, ರಾತ್ರಿ ಪಾಳಿ ಮುಗಿಸಿ ಬಂದು ಬರೆಯುತ್ತಿದ್ದೇನೆ. ಹುಬ್ಬಳ್ಳಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ದಾದಿ. ನೀವು ಬರೆದದ್ದರಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ರಾತ್ರಿ ಮೂರರ ಎಚ್ಚರ. ಎಷ್ಟು ವಾರಗಳಿಂದ ಹೀಗಿದೆ? ಊಟ ರುಚಿಸುತ್ತದೆಯೇ? ಮೊದಲು ಇಷ್ಟವಾಗುತ್ತಿದ್ದ ಕೆಲಸ ಈಗಲೂ ಇಷ್ಟವೇ? ಎರಡು ವಾರಕ್ಕಿಂತ ಹೆಚ್ಚು ದಿನಗಳಿಂದ ಹೀಗೆಯೇ ಇದ್ದರೆ ವೈದ್ಯರಿಗೆ ಒಮ್ಮೆ ತೋರಿಸಿ. ಥೈರಾಯ್ಡ್ ಮತ್ತು ರಕ್ತಹೀನತೆಯ ಪರೀಕ್ಷೆಯನ್ನೂ ಮಾಡಿಸಿ.

ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ನಿಮ್ಮ ಊರಿನಲ್ಲೇ ಇದೆ. ನಮ್ಮ ಕಡೆ ಜಗಳ ಬಂದರೆ "ಇವನನ್ನು ಧಾರವಾಡಕ್ಕೆ ಕಳುಹಿಸಬೇಕು" ಎಂದು ಬೈಯುತ್ತಾರಲ್ಲ, ಆ ಒಂದು ಬೈಗುಳದಿಂದಾಗಿ ಎಷ್ಟು ಜನ ಆ ಗೇಟಿನ ಒಳಗೆ ಕಾಲಿಡಲು ಹಿಂಜರಿದಿದ್ದಾರೋ, ನೆನೆದರೆ ಸಂಕಟವಾಗುತ್ತದೆ. ಹೋಗಲು ಮನಸ್ಸಾಗದಿದ್ದರೆ 14416ಕ್ಕೆ ಕರೆ ಮಾಡಿ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಅದು, ಟೆಲಿ ಮಾನಸ್ ಎಂದು ಹೆಸರು, 2022ರಿಂದ ಇದೆ. ಹಣ ಕೊಡಬೇಕಾಗಿಲ್ಲ, ದಿನದ ಇಪ್ಪತ್ನಾಲ್ಕು ಗಂಟೆಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಮೂರಕ್ಕೂ.

ನಾನೂ ಪ್ರಾರ್ಥಿಸುವವಳೇ. ಪಾಳಿ ಶುರುವಾಗುವ ಮೊದಲು ಲಿಫ್ಟಿನ ಪಕ್ಕದ ಮೆಟ್ಟಿಲ ಮೇಲೆ ಒಂದು ನಿಮಿಷ ನಿಲ್ಲುತ್ತೇನೆ. ಅಷ್ಟೇ ನನ್ನ ಸೋಮವಾರ ಬೆಳಿಗ್ಗೆ.

ಕೇಶ್ವಾಪುರ ಸಹೋದರ | ಮಂಗಳವಾರ, ಮಧ್ಯಾಹ್ನ 3:02

ಪಾಲಕರ ಮಾತಿಗೆ ತಲೆಬಾಗುತ್ತೇನೆ, 365ರ ವಿಷಯ ತಿದ್ದಿಕೊಂಡೆ. ಆದರೆ ಆತ್ಮಕ್ಕೆ ಆದ ನೋವಿಗೆ ಮಾತ್ರೆಯೇ? ಹಾಗಾದರೆ ಸಭೆ ಏಕೆ ಬೇಕು, ಮೆಡಿಕಲ್ ಅಂಗಡಿ ಸಾಕಲ್ಲವೇ?

ಬೆಟಗೇರಿ ಮಗ್ಗ | ಮಂಗಳವಾರ, ಸಂಜೆ 5:48

ಇದಕ್ಕೆ ಉತ್ತರ ನಮ್ಮ ಊರಿನಲ್ಲೇ ನಿಂತಿದೆ ತಮ್ಮಾ. ಗದಗ-ಬೆಟಗೇರಿಯಲ್ಲಿ ಯಾವ ಆಟೊದವನಿಗಾದರೂ "ಜರ್ಮನ್ ಆಸ್ಪತ್ರೆ" ಎಂದು ಹೇಳು, ಸೀದಾ ಕರೆದುಕೊಂಡು ಹೋಗುತ್ತಾನೆ. ಇಲ್ಲಿ ದೇವಾಲಯ ಕಟ್ಟಿದ ಬಾಸೆಲ್ ಮಿಷನ್ನಿನವರೇ ಆ ಆಸ್ಪತ್ರೆಯನ್ನೂ ಕಟ್ಟಿದರು. ಮೊಣಕಾಲೂರಿ ಪ್ರಾರ್ಥಿಸಿದವರು ಎದ್ದುನಿಂತು ಗಾಯ ತೊಳೆದರು. ಎರಡನ್ನೂ ಬೇರೆ ಮಾಡಿ ನೋಡಿದ್ದು ನಮ್ಮ ಕಾಲದವರೇ.

ಸಪ್ತಾಪುರದ ಮಗಳೇ, ನಿನ್ನ ಅಜ್ಜಿ ನಮ್ಮ ಊರಿನವರು ಎಂದು ಓದಿ ಬಹಳ ಸಂತೋಷವಾಯಿತು. ನನಗೆ ಈಗ ಎಪ್ಪತ್ತನಾಲ್ಕು. ನಮ್ಮ ಮನೆಯಲ್ಲಿ ಎರಡು ಕುಣಿಮಗ್ಗ ಇದ್ದವು. ದೀಪ ಹಚ್ಚುವ ಹೊತ್ತಿಗೆ ಮಗ್ಗ ನಿಲ್ಲಬೇಕು, ಅದು ಅಪ್ಪನ ಕಟ್ಟಳೆ. ಎಲ್ಲರೂ ಚಾಪೆಯ ಮೇಲೆ ಕುಳಿತು ಒಂದು ಸಂಗೀತ ಹಾಡಿ, ಒಂದು ಕೀರ್ತನೆ ಓದಿ, ಆಮೇಲೆ ಪ್ರತಿಯೊಬ್ಬರೂ ಆ ದಿನದ ಒಂದು ಕಷ್ಟವನ್ನು ಬಾಯಿಬಿಟ್ಟು ಹೇಳಬೇಕಿತ್ತು. ನೂಲು ತುಂಡಾದದ್ದು, ಸಾಲಗಾರ ಬಂದದ್ದು, ನೆರೆಯವರ ಜೊತೆ ಮಾತು ಬೆಳೆದದ್ದು. ಅಪ್ಪ ಅದನ್ನೇ ಪ್ರಾರ್ಥನೆಗೆ ಸೇರಿಸುತ್ತಿದ್ದರು. ಅವ್ವ ಒಂದು ದಿನ "ಹಿಟ್ಟು ನಾಳೆಗೆ ಇಲ್ಲ" ಎಂದದ್ದು ನನಗೆ ಇನ್ನೂ ನೆನಪಿದೆ. ಹಿಟ್ಟು ಆ ರಾತ್ರಿ ಎಲ್ಲಿಂದಲೂ ಬರಲಿಲ್ಲ. ಆದರೆ ಹಿಟ್ಟು ಇಲ್ಲ ಎಂಬ ಸಂಗತಿ ಅವ್ವ ಒಬ್ಬಳದೇ ಆಗಿ ಉಳಿಯಲಿಲ್ಲ. ಬೆಳಗಾಗುವುದರೊಳಗೆ ಅಣ್ಣ ಎದ್ದು ಹೋಗಿ ಎಲ್ಲಿಂದಲೋ ಕಡ ತಂದಿದ್ದ.

ಈಗ ಒಂದೇ ಮನೆಯಲ್ಲಿ ನಾಲ್ಕು ಮೊಬೈಲ್, ನಾಲ್ಕು ಕೋಣೆ, ನಾಲ್ಕು ಪ್ರಾರ್ಥನೆ. ಕೂಡಿ ಕೂರುವುದು ತಪ್ಪಿಹೋಯಿತು.

ಗದಗ ಮೇಷ್ಟ್ರು | ಮಂಗಳವಾರ, ರಾತ್ರಿ 8:10

ಹಿರಿಯರೇ, ಚೆಂದದ ನೆನಪು. ಬಾಸೆಲ್ ಮಿಷನ್ 1834ರಲ್ಲಿ ಧಾರವಾಡಕ್ಕೆ ಬಂದಾಗಿನಿಂದಲೂ ಈ ಕುಟುಂಬ ಪ್ರಾರ್ಥನೆಯ ಪದ್ಧತಿ ಇದ್ದಿರಬೇಕು.

ಬೆಟಗೇರಿ ಮಗ್ಗ | ಮಂಗಳವಾರ, ರಾತ್ರಿ 8:26

1834 ಮಂಗಳೂರು, ಮೇಷ್ಟ್ರೇ. ಧಾರವಾಡ 1837, ಹುಬ್ಬಳ್ಳಿ 1839, ನಮ್ಮ ಬೆಟಗೇರಿ 1841. ಚಿಕ್ಕಂದಿನಲ್ಲಿ ಭಾನುವಾರದ ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು.

ಗದಗ ಮೇಷ್ಟ್ರು | ಮಂಗಳವಾರ, ರಾತ್ರಿ 8:40

ತಿದ್ದಿದ್ದಕ್ಕೆ ಕೃತಜ್ಞ. ಸಹೋದರಿ ಕೇಳಿದ್ದಕ್ಕೆ ನನ್ನ ಉತ್ತರ ಹಕ್ಕಿಗಳು. ಚಳಿಗಾಲದಲ್ಲಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ಹಿಮಾಲಯದ ಆಚೆಯಿಂದ ಹಾರಿ ಬರುವ ಹಕ್ಕಿಗಳು. 2024ರಲ್ಲಿ ಆ ಕೆರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ವರ್ಷಕ್ಕೆ ಎರಡು ಸಲವಾದರೂ ಹೋಗಿ ದಂಡೆಯಲ್ಲಿ ಕೂರುತ್ತೇನೆ.

"ಆಕಾಶದ ಹಕ್ಕಿಗಳನ್ನು ನೋಡಿರಿ" ಎಂದು ಯೇಸು ಹೇಳಿದ್ದನ್ನು ನಾನು ಬಹಳ ವರ್ಷ ತಪ್ಪಾಗಿ ಓದಿದ್ದೆ. ಹಕ್ಕಿಗಳಿಗೆ ಕೆಲಸವಿಲ್ಲ, ಹಾಗಾಗಿ ಚಿಂತೆಯೂ ಇಲ್ಲ ಎಂದುಕೊಂಡಿದ್ದೆ. ಆ ಹೆಬ್ಬಾತುಗಳನ್ನು ನೋಡಿದ ಮೇಲೆ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಅಷ್ಟು ಎತ್ತರದ ಹಿಮ ದಾಟಿ, ಇಲ್ಲಿಗೆ ಬಂದು ಹೊಲಗಳಲ್ಲಿ ಮೇಯ್ದು, ಕೆರೆಗೆ ಮರಳುತ್ತವೆ. ದುಡಿಮೆ ಅವಕ್ಕೂ ಇದೆ. ಆದರೆ ಮುಂದಿನ ವರ್ಷದ ಹಾರಾಟವನ್ನು ಈ ವರ್ಷವೇ ಹಾರುವುದಿಲ್ಲ.

ಅದೇ ಅಧ್ಯಾಯದ ಕೊನೆಯ ವಾಕ್ಯ ನೋಡಿ, "ಆ ಹೊತ್ತಿನ ಕಾಟ ಆ ಹೊತ್ತಿಗೆ ಸಾಕು." ಕಾಟವೇ ಇಲ್ಲ ಎಂದು ಆತ ಹೇಳಲಿಲ್ಲ. ಕಾಟ ಎಂಬ ಹೆಸರಿಟ್ಟೇ ಕರೆದ.

ಕಲಘಟಗಿ ಜಪಮಾಲೆ | ಮಂಗಳವಾರ, ರಾತ್ರಿ 9:33

ನಾನು ಕಥೋಲಿಕಳು. ನನ್ನ ಉತ್ತರ ಜಪಮಾಲೆ. ಮನೆಯಿಂದ ಬಸ್ ನಿಲ್ದಾಣದವರೆಗೆ ನಡೆಯುವಾಗ ಒಂದು ಹತ್ತು ಮಣಿ, ಅಷ್ಟೇ. ಮನಸ್ಸು ಓಡಿಹೋದರೂ ಬೆರಳು ಮಣಿಯ ಮೇಲೆ ಇರುತ್ತದೆ, ಮನಸ್ಸು ಬೆರಳನ್ನು ಹುಡುಕಿಕೊಂಡು ವಾಪಸು ಬರುತ್ತದೆ. ಪ್ರಾರ್ಥನೆಯ ನಡುವೆ ಲೆಕ್ಕ ಬರುತ್ತದೆ ಎಂದಿರಲ್ಲ ಅಕ್ಕಾ, ಬರಲಿ ಬಿಡಿ. ಅದೂ ದೇವರಿಗೆ ಕೇಳಿಸಲಿ.

ಏನೂ ಅನ್ನಿಸದ ದಿನಗಳ ಬಗ್ಗೆ ಒಂದು ಮಾತು. ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಹೊರಬಂದಾಗ, ಅವರು ಹತ್ತಾರು ವರ್ಷ ಒಳಗೆ ಬರೀ ಕತ್ತಲೆಯನ್ನೇ ಕಂಡಿದ್ದರು ಎಂದು ಗೊತ್ತಾಯಿತು. ದಿನವೂ ಎದ್ದು ಪ್ರಾರ್ಥಿಸಿದರು, ಕೆಲಸಕ್ಕೆ ಹೋದರು. ಅವರ ವಿಶ್ವಾಸ ಕಡಿಮೆ ಎಂದು ಯಾರು ಹೇಳುತ್ತಾರೆ?

ಕೇಶ್ವಾಪುರ ಸಹೋದರ | ಮಂಗಳವಾರ, ರಾತ್ರಿ 9:50

ಅಂಗೀಕರಿಸಲಾರೆ. ಹೇಳಿದ್ದನ್ನೇ ಹೇಳುವ ಪ್ರಾರ್ಥನೆ ಬೇಡ ಎಂದು ಮತ್ತಾಯ 6:7ರಲ್ಲಿ ಸ್ಪಷ್ಟವಾಗಿದೆ.

ನಿವೃತ್ತ ಸಭಾಪಾಲಕ | ಮಂಗಳವಾರ, ರಾತ್ರಿ 10:04

ಅಲ್ಲಿ ಬೇಡ ಎಂದದ್ದು ಅರ್ಥವಿಲ್ಲದ ಬಡಬಡಿಕೆಯನ್ನು. ಗೆತ್ಸೆಮನೆ ತೋಟದಲ್ಲಿ ಯೇಸು ಮೂರನೆಯ ಸಲವೂ ಅದೇ ಮಾತನ್ನು ಹೇಳಿ ಪ್ರಾರ್ಥಿಸಿದ ಎಂದು ಅದೇ ಮತ್ತಾಯ ಬರೆದಿದ್ದಾನೆ, 26:44. ಕೀರ್ತನೆ 136ರ ಇಪ್ಪತ್ತಾರು ವಚನಗಳೂ ಒಂದೇ ಪಲ್ಲವಿಗೆ ಮರಳುತ್ತವೆ. ನಾನು ಪ್ರಾಟೆಸ್ಟೆಂಟ್, ಜಪಮಾಲೆ ಹಿಡಿಯುವವನಲ್ಲ. ಆದರೆ ಕಲಘಟಗಿಯ ಸಹೋದರಿಯ ಪ್ರಾರ್ಥನೆಗೆ ಅಡ್ಡ ನಿಲ್ಲುವುದಿಲ್ಲ.

ವಾರ್ಡ್ ದಾದಿ | ಮಂಗಳವಾರ, ರಾತ್ರಿ 10:20

ಜಪಮಾಲೆಯ ಬಗ್ಗೆ ನಮ್ಮ ಕ್ಷೇತ್ರದ ಒಂದು ಸಂಗತಿ ಇದೆ. ಇಟಲಿಯ ಸಂಶೋಧಕರು 23 ಜನರ ಮೇಲೆ ನಡೆಸಿದ ಒಂದು ಅಧ್ಯಯನ 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಲ್ಯಾಟಿನ್ ಭಾಷೆಯಲ್ಲಿ ಜಪಮಾಲೆ ಹೇಳಿದಾಗ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಯೋಗದ ಮಂತ್ರ ಹೇಳಿದಾಗಲೂ ಹಾಗೆಯೇ ಆಯಿತು. ಹೃದಯದ ಬಡಿತ ಮತ್ತು ರಕ್ತದೊತ್ತಡ ಒಂದಕ್ಕೊಂದು ಹೊಂದಿಕೊಂಡು ನಡೆಯುವ ವ್ಯವಸ್ಥೆ ಅದರಿಂದ ಚುರುಕಾಯಿತು. ಚಿಕ್ಕ ಅಧ್ಯಯನ, ಅದರಿಂದ ಬಹಳ ದೊಡ್ಡ ತೀರ್ಮಾನ ಬೇಡ. ಆದರೆ ನಿಧಾನವಾಗಿ ಪ್ರಾರ್ಥಿಸಿದರೆ ಮೈಯೂ ಕೇಳಿಸಿಕೊಳ್ಳುತ್ತದೆ ಎಂಬುದನ್ನು ರೋಗಿಗಳ ಹಾಸಿಗೆಯ ಪಕ್ಕ ನಾನೇ ಕಂಡಿದ್ದೇನೆ.

ಪ್ರಶ್ನೆ ಕೇಳುವವ | ಮಂಗಳವಾರ, ರಾತ್ರಿ 10:41

ಹಾಗಾದರೆ ಕೆಲಸ ಮಾಡಿದ್ದು ಉಸಿರು, ದೇವರಲ್ಲ. ನಾನು ಕ್ರೈಸ್ತ ಮನೆಯಲ್ಲೇ ಹುಟ್ಟಿ ನಂಬಿಕೆಯಿಂದ ದೂರವಾದವನು. ಸಂಜೆ ಉಣಕಲ್ ಕೆರೆಯ ಸುತ್ತ ನಡೆದರೆ ನನಗೂ ಸಮಾಧಾನ ಸಿಗುತ್ತದೆ. ಅದಕ್ಕೆ ಧರ್ಮ ಏಕೆ ಬೇಕು?

ಕಲಘಟಗಿ ಜಪಮಾಲೆ | ಮಂಗಳವಾರ, ರಾತ್ರಿ 10:58

ತಮ್ಮಾ, ನಡೆದು ಸಮಾಧಾನವಾದರೆ ಅದು ಒಳ್ಳೆಯದೇ, ಬಿಡಬೇಡ. ನನಗೆ ಮಾತ್ರ ಉಸಿರು ನಿಧಾನವಾದರೆ ಸಾಲದು. ನನ್ನ ಮಾತನ್ನು ಕೇಳುವವನೊಬ್ಬ ಬೇಕು. ನಮ್ಮವರು ತೀರಿಕೊಂಡ ವರ್ಷ ಯಾರ ಹತ್ತಿರವೂ ಆಡಲಾಗದ ಮಾತುಗಳನ್ನು ಆ ಮಣಿಗಳ ಮೇಲೆ ಆಡಿದ್ದೇನೆ. ಬೈದಿದ್ದೇನೆ ಕೂಡ.

ಕಾಗಿನೆಲೆ ಹುಡುಗ | ಬುಧವಾರ, ಬೆಳಿಗ್ಗೆ 7:12

ನಾನು ಕ್ರೈಸ್ತನಲ್ಲ, ಗೆಳೆಯನೊಬ್ಬ ಕಳುಹಿಸಿದ ಕೊಂಡಿಯಿಂದ ಬಂದು ಎಲ್ಲವನ್ನೂ ಓದಿದೆ. ನಮ್ಮ ಕನಕದಾಸರೂ ಮನಸ್ಸಿಗೆ ತಲ್ಲಣಿಸಬೇಡ, ತಾಳು ಎಂದೇ ಹೇಳಿದ್ದು. ಮೇಷ್ಟ್ರು ಹಕ್ಕಿಯ ಮಾತು ಆಡಿದಾಗ ನಮ್ಮ ಅಮ್ಮ ಹಾಡುವುದು ನೆನಪಾಯಿತು. ಅಕ್ಕನವರ ಅತ್ತೆ ಬೇಗ ಗುಣವಾಗಲಿ.

ಹಳೆಯ ಗಾರ್ಡ್ | ಬುಧವಾರ, ಬೆಳಿಗ್ಗೆ 10:30

ರೈಲ್ವೆಯಲ್ಲಿ ಮೂವತ್ತೆರಡು ವರ್ಷ ಗಾರ್ಡ್ ಆಗಿದ್ದೆ, ಹೆಚ್ಚಿನದೆಲ್ಲ ಗೂಡ್ಸ್ ಗಾಡಿ. ಮಗಳೇ, ಕುಳೆಯಿಂದ ಕ್ಯಾಸಲ್ ರಾಕ್‌ವರೆಗಿನ ಘಟ್ಟದಲ್ಲಿ ಏರು 37ಕ್ಕೆ 1. ಅಂದರೆ 37 ಮೀಟರ್ ಸಾಗುವುದರೊಳಗೆ ಒಂದು ಮೀಟರ್ ಮೇಲೇರಬೇಕು. ರೈಲಿಗೆ ಇದು ಬಹಳ ಕಡಿದಾದ ಏರು. ಮುಂದಿನ ಎಂಜಿನ್ ಒಂದರಿಂದ ಆಗುವ ಕೆಲಸವಲ್ಲ. ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್ ಹಚ್ಚುತ್ತಾರೆ. ಮಳೆಗಾಲದ ರಾತ್ರಿ, ಮಂಜು, ಸುರಂಗ. ಮುಂದಿನ ಚಾಲಕನಿಗೆ ಹಿಂದಿನ ಎಂಜಿನ್ ಕಾಣುವುದೇ ಇಲ್ಲ. ಗಾಡಿ ಏರುತ್ತಿದೆ ಎಂಬುದೊಂದೇ ಅವನಿಗೆ ಗುರುತು.

ನನ್ನ ಹೆಂಡತಿ ಕ್ಯಾನ್ಸರ್‌ನಿಂದ ಮಲಗಿದ್ದ ಎರಡು ವರ್ಷ ನನಗೆ ಶಾಂತಿ ಎಂಬುದು ಅನುಭವಕ್ಕೆ ಬರಲಿಲ್ಲ. ಒಂದು ದಿನವೂ ಇಲ್ಲ. ಈಗ ಹಿಂತಿರುಗಿ ನೋಡಿದರೆ ಗಾಡಿ ಏರಿದ್ದು ಗೊತ್ತಾಗುತ್ತದೆ. ನನ್ನ ಒಬ್ಬನ ಶಕ್ತಿಗೆ ಅದು ಏರುತ್ತಿರಲಿಲ್ಲ.

ಈಗ ನಾನು ಮಾಡುವುದು ಹುಬ್ಬಳ್ಳಿ ನಿಲ್ದಾಣದ ಉದ್ದದ ಪ್ಲಾಟ್‌ಫಾರ್ಮಿನ ಮೇಲೆ ಬೆಳಿಗ್ಗೆ ಒಂದು ಸುತ್ತು. ಹೋಗುವಾಗ ಬೇರೆಯವರಿಗಾಗಿ ಪ್ರಾರ್ಥನೆ, ಬರುವಾಗ ನನಗಾಗಿ. 1,400 ಮೀಟರ್ ಇದೆ.

ಪ್ರಶ್ನೆ ಕೇಳುವವ | ಬುಧವಾರ, ಬೆಳಿಗ್ಗೆ 10:44

ಹಿರಿಯರೇ, 1,507 ಮೀಟರ್. ಎಂಟನೆಯ ಪ್ಲಾಟ್‌ಫಾರ್ಮ್, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅದಕ್ಕೂ ಮೊದಲು ಗೋರಖ್‌ಪುರದ್ದೇ ಎಲ್ಲಕ್ಕಿಂತ ಉದ್ದವಾಗಿತ್ತು, 1,366 ಮೀಟರ್.

ಹಳೆಯ ಗಾರ್ಡ್ | ಬುಧವಾರ, ಬೆಳಿಗ್ಗೆ 10:52

ಹಾಗಾದರೆ ಹೋಗಿ ಬರುವುದರಲ್ಲಿ ದಿನವೂ ಇನ್ನೂರು ಮೀಟರ್ ಹೆಚ್ಚೇ ಪ್ರಾರ್ಥಿಸಿದ್ದೇನೆ. ಒಳ್ಳೆಯದೇ ಆಯಿತು. ನೀನೂ ಒಂದು ದಿನ ಜೊತೆಗೆ ಬಾ, ಮಾತಾಡುತ್ತಾ ನಡೆಯೋಣ. ಪ್ರಾರ್ಥಿಸಬೇಕೆಂದಿಲ್ಲ.

ರಾಣೆಬೆನ್ನೂರು ರೈತ | ಬುಧವಾರ, ರಾತ್ರಿ 8:55

ನಿನ್ನೆ ಸಿಟ್ಟಿನಲ್ಲಿ ಎರಡು ಸಾಲು ಬರೆದು ಹೋಗಿದ್ದೆ. ಇವತ್ತು ಗೋವಿನಜೋಳದ ಒಕ್ಕಣೆ ಮುಗಿಯಿತು, ಸಮಾಧಾನವಾಗಿ ಬರೆಯುತ್ತೇನೆ.

"ಹೊರೆ ಹೊತ್ತವರೇ, ನನ್ನ ಬಳಿಗೆ ಬನ್ನಿರಿ" ಎಂಬ ವಾಕ್ಯವನ್ನು ನಾವೆಲ್ಲ ಗೋಡೆಗೆ ತೂಗುಹಾಕಿಕೊಂಡಿದ್ದೇವೆ. ಅದರ ಮುಂದೆಯೇ "ನನ್ನ ನೊಗವನ್ನು ನಿಮ್ಮ ಮೇಲೆ ತೆಗೆದುಕೊಳ್ಳಿರಿ" ಎಂದಿದೆ. ದಣಿದು ಬಂದವನಿಗೆ ನೊಗ ಕೊಡುವುದೇ! ಎತ್ತು ಕಟ್ಟಿ ಗೊತ್ತಿಲ್ಲದವರಿಗೆ ಇದು ಅನ್ಯಾಯ ಎನಿಸುತ್ತದೆ. ಗೊತ್ತಿದ್ದವರಿಗೆ ಎರಡು ಸಂಗತಿ ಹೊಳೆಯುತ್ತವೆ. ನಮ್ಮ ಹೊಲದ ನೊಗ ಒಂದೇ ಎತ್ತಿಗೆ ಇರುವುದಲ್ಲ, ಜೋಡಿಗೆ. ಎಳೆಯ ಹೋರಿಯನ್ನು ಪಳಗಿಸುವಾಗ ಅನುಭವ ಇರುವ ಎತ್ತಿನ ಜೊತೆ ಹೂಡುತ್ತೇವೆ. ಭಾರವನ್ನೆಲ್ಲ ಎಳೆಯುವುದು ಹಿರಿಯ ಎತ್ತು. ಹೋರಿ ಪಕ್ಕದಲ್ಲಿ ಹೆಜ್ಜೆ ಕಲಿಯುತ್ತದೆ. ಇನ್ನೊಂದು, ನೊಗದ ಒಳಮೈ ಸರಿಯಾಗಿ ಕೆತ್ತದಿದ್ದರೆ ಎರಡೇ ದಿನದಲ್ಲಿ ಹೆಗಲು ಹುಣ್ಣಾಗುತ್ತದೆ. ಒಳ್ಳೆಯ ಬಡಿಗ ಎತ್ತಿನ ಹೆಗಲನ್ನು ಮುಟ್ಟಿ ನೋಡಿ ಕೆತ್ತುತ್ತಾನೆ. ಯೇಸು ಬಡಗಿಯಲ್ಲವೇ?

ನನ್ನ ಹೊಲದ ಸಾಲ ಇನ್ನೂ ತೀರಿಲ್ಲ. ಮಳೆ ಕೈಕೊಟ್ಟ ವರ್ಷ ಬೆಳೆ ಒಣಗಿದ್ದನ್ನು ನೋಡುತ್ತಾ ನಿಂತಾಗ ನನ್ನ ತಲೆಯಲ್ಲಿ ಕೆಟ್ಟ ಯೋಚನೆ ಬಂದಿತ್ತು. ಅಂದು ನನ್ನನ್ನು ಉಳಿಸಿದ್ದು ಪಕ್ಕದ ಹೊಲದವನು. "ಬಾ, ಊಟ ಮಾಡು" ಎಂದು ಕೈಹಿಡಿದು ಕರೆದುಕೊಂಡು ಹೋದ. ಅವನು ನಮ್ಮ ಸಭೆಯವನಲ್ಲ. ನನ್ನ ಪಕ್ಕಕ್ಕೆ ನೊಗಕ್ಕೆ ಬಂದ ಯೇಸು ಅವನ ಕೈಯ ಮೂಲಕವೇ ಬಂದ ಎಂದು ನಂಬಿದ್ದೇನೆ.

ಗದಗ ಮೇಷ್ಟ್ರು | ಬುಧವಾರ, ರಾತ್ರಿ 9:20

ಎರಡನೆಯ ಶತಮಾನದ ಜಸ್ಟಿನ್ ಮಾರ್ಟರ್ ಎಂಬ ಕ್ರೈಸ್ತ ಲೇಖಕ, ಯೇಸು ನೇಗಿಲು ಮತ್ತು ನೊಗಗಳನ್ನು ಮಾಡುತ್ತಿದ್ದ ಎಂದು ಬರೆದಿದ್ದಾನೆ. ನಿಮ್ಮ ಬಡಿಗನ ಮಾತಿಗೆ ಅಷ್ಟು ಹಳೆಯ ಸಾಕ್ಷಿ ಇದೆ.

ವಾರ್ಡ್ ದಾದಿ | ಬುಧವಾರ, ರಾತ್ರಿ 9:31

ಅಲ್ಲಿ "ನನ್ನ ಹೊರೆಯು ಹೌರವಾದದ್ದು" ಎಂದು ಇದೆಯಲ್ಲ, "ಹೌರ" ಎಂದರೆ ಹಗುರವೇ? ನನ್ನ ಮಗಳು ಮುದ್ರಣದೋಷ ಎನ್ನುತ್ತಾಳೆ.

ನಿವೃತ್ತ ಸಭಾಪಾಲಕ | ಬುಧವಾರ, ರಾತ್ರಿ 9:47

ಮುದ್ರಣದೋಷವಲ್ಲ, ಹಗುರವೇ. ನಮ್ಮ ಧಾರವಾಡದ ಕಡೆ ಮುದುಕರು ಮೆಟ್ಟಿಲು ಇಳಿಯುವಾಗ "ಹೌರಗ ಬಾ" ಎನ್ನುತ್ತೇವಲ್ಲ, ಅದೇ ಮಾತು. ಹಗುರವೂ ಹೌದು, ನಿಧಾನವೂ ಹೌದು. ನಲವತ್ತು ವರ್ಷ ಪ್ರಸಂಗ ಮಾಡಿದ ನನಗೆ ಈ ವಾಕ್ಯದಲ್ಲಿ ಈ ಪದ ಸಿಕ್ಕಿರುವುದು ಇಂದಿಗೂ ಸಂತೋಷ ಕೊಡುತ್ತದೆ. ಓಡಿಹೋಗುವವನ ಹೊರೆ ಅಲ್ಲ ಅದು.

ಸಪ್ತಾಪುರದ ಮಗಳು | ಗುರುವಾರ, ಬೆಳಗಿನ ಜಾವ 3:26

ಎಚ್ಚರವಾಗಿದೆ, ಎಲ್ಲವನ್ನೂ ಓದಿದೆ. ಬೆಟಗೇರಿಯ ಅಜ್ಜನವರ ಹಿಟ್ಟಿನ ಮಾತು ಓದಿ ಅಡುಗೆಮನೆಯಲ್ಲಿ ಕುಳಿತು ಅತ್ತೆ.

ನಾನು ನಿಮಗೆ ಪೂರ್ತಿ ಹೇಳಿರಲಿಲ್ಲ. ಕಳೆದ ಜೂನ್‌ನಲ್ಲಿ ಮಗನ ಕೋಚಿಂಗ್ ಫೀ ಕಟ್ಟಲು ನನ್ನ ನಾಲ್ಕು ತೊಲದ ಚಿನ್ನದ ಪಾಟ್ಲಿ ಬಳೆ ಅಡವಿಟ್ಟೆ. ಯಜಮಾನರಿಗೆ ಹೇಳಲಿಲ್ಲ. ಕೆಲಸ ಅರ್ಧಕ್ಕೆ ಇಳಿದ ನೋವಿನಲ್ಲಿದ್ದರು, ಇದನ್ನೂ ಹೇಳಿ ಕುಗ್ಗಿಸುವುದು ಬೇಡ ಎಂದುಕೊಂಡೆ. ಈಗ ಬಡ್ಡಿ ಏರುತ್ತಾ ಇದೆ, ಬಿಡಿಸಿಕೊಳ್ಳುವ ದಿನ ಹತ್ತಿರ ಬಂದಿದೆ. ಮದುವೆ-ಮುಂಜಿ ಬಂದರೆ ಪಾಟ್ಲಿ ಎಲ್ಲಿ ಎಂದು ಕೇಳುತ್ತಾರೆಂದು ಎಲ್ಲಿಗೂ ಹೋಗುವುದಿಲ್ಲ. ಪ್ರಾರ್ಥನೆಯಲ್ಲಿ ಬರುವ ಲೆಕ್ಕ ಇದೇ. ಮಲಗಿದ ಯಜಮಾನರ ಪಕ್ಕದಲ್ಲಿ ಕುಳಿತು ಅವರಿಗೆ ಗೊತ್ತಾಗದಂತೆ ದೇವರನ್ನು ಶಾಂತಿ ಕೊಡು ಎಂದು ಕೇಳುತ್ತಿದ್ದೇನೆ.

ಹಳೆಯ ಗಾರ್ಡ್ | ಗುರುವಾರ, ಬೆಳಿಗ್ಗೆ 5:10

ಮಗಳೇ, ಹೇಳಿಬಿಡು. ಹೆಂಡತಿ ನನ್ನಿಂದ ಮೊದಲ ಆರು ತಿಂಗಳು ಕ್ಯಾನ್ಸರ್ ಗಂಟನ್ನು ಮುಚ್ಚಿಟ್ಟಿದ್ದಳು, ನನ್ನ ಡ್ಯೂಟಿ ಕೆಡಬಾರದು ಎಂದು. ಹೆಚ್ಚು ಬರೆಯಲಾರೆ.

ಕೇಶ್ವಾಪುರ ಸಹೋದರ | ಗುರುವಾರ, ಬೆಳಿಗ್ಗೆ 6:15

ಮೊದಲು ಪ್ರಾರ್ಥಿಸಿ, ಸಮಯ ನೋಡಿ ಹೇಳಿ. ಗಂಡಸರಿಗೆ ಅವಮಾನವಾದಂತೆ ಅನ್ನಿಸಬಹುದು.

ರಾಣೆಬೆನ್ನೂರು ರೈತ | ಗುರುವಾರ, ಬೆಳಿಗ್ಗೆ 6:40

ಸಮಯ ನೋಡುತ್ತಾ ಕುಳಿತರೆ ಬಡ್ಡಿ ಕುಳಿತಿರುತ್ತದೆಯೇ ಅಣ್ಣಾ? ಪಾಟ್ಲಿ ಹರಾಜಿಗೆ ಹೋದ ಮೇಲೆ ಗೊತ್ತಾದರೆ ಆ ಅವಮಾನ ಇನ್ನೂ ದೊಡ್ಡದು.

ನಿವೃತ್ತ ಸಭಾಪಾಲಕ | ಗುರುವಾರ, ಬೆಳಿಗ್ಗೆ 7:05

ಗಲಾತ್ಯ 6ರಲ್ಲಿ "ಒಬ್ಬರ ಭಾರವನ್ನು ಒಬ್ಬರು ಹೊತ್ತುಕೊಳ್ಳಿರಿ" ಎಂದು ಪೌಲ ಬರೆದ. ಗಂಡನಿಗೆ ಗೊತ್ತಿಲ್ಲದ ಭಾರವನ್ನು ಆತ ಹೊರುವುದು ಹೇಗೆ ಮಗಳೇ? ನೀನು ಆತನನ್ನು ಕಾಪಾಡಲು ಮುಚ್ಚಿಟ್ಟೆ, ಅದು ಪ್ರೀತಿಯೇ. ಆದರೆ ಆತನಿಗೂ ನಿನ್ನನ್ನು ಕಾಪಾಡುವ ಹಕ್ಕು ಇದೆ.

ಫಿಲಿಪ್ಪಿಯವರಿಗೆ ಬರೆಯುವಾಗ ಪೌಲ, ದೇವರ ಶಾಂತಿ ನಿಮ್ಮ ಹೃದಯಗಳನ್ನು "ಕಾಯುವದು" ಎಂದ. ಗ್ರೀಕಿನಲ್ಲಿ ಅದು ಕಾವಲು ಪಡೆಗೆ ಬಳಸುವ ಪದ. ಫಿಲಿಪ್ಪಿ ರೋಮಿನ ಸೈನಿಕರನ್ನು ನೆಲೆಗೊಳಿಸಿದ ಊರು, ಅಲ್ಲಿಯವರಿಗೆ ಅರ್ಥವಾಗಿರುತ್ತದೆ. ಬರೆದವನೋ ಬೇಡಿಯಲ್ಲಿದ್ದ. ಊರಿಗೆ ಕಾವಲು ಬೇಕಾಗುವುದು ಹೊರಗೆ ವೈರಿ ಇದ್ದಾಗಲೇ. ನಿನ್ನ ಚಿಂತೆಗಳು ಇರುವುದರಿಂದ ಶಾಂತಿ ಬಂದಿಲ್ಲ ಎಂದು ತಿಳಿಯಬೇಡ.

ವಾರ್ಡ್ ದಾದಿ | ಗುರುವಾರ, ಬೆಳಿಗ್ಗೆ 8:00

ಅಕ್ಕಾ, ಮಂಗಳವಾರ ನನಗೆ ವಾರದ ರಜೆ. ಸಂಜೆ ಅತ್ತೆಯವರ ಹತ್ತಿರ ನಾನು ಕೂರುತ್ತೇನೆ, ನೀವಿಬ್ಬರೂ ಹೊರಗೆ ಹೋಗಿ ಮಾತಾಡಿ ಬನ್ನಿ. ಬಲಗೈಗೆ ಮಾಡಿಸುವ ವ್ಯಾಯಾಮವನ್ನೂ ನಿಮ್ಮ ಮಗನಿಗೆ ಹೇಳಿಕೊಡುತ್ತೇನೆ. ವಿಳಾಸವನ್ನು ಇಲ್ಲಿ ಹಾಕಬೇಡಿ, ಖಾಸಗಿಯಾಗಿ ಕಳುಹಿಸಿ.

ಕೇಶ್ವಾಪುರ ಸಹೋದರ | ಗುರುವಾರ, ಬೆಳಿಗ್ಗೆ 8:22

ನನ್ನ ಅಭಿಪ್ರಾಯ ಬದಲಾಗಿಲ್ಲ, ಉಪವಾಸ ಪ್ರಾರ್ಥನೆಯ ಶಕ್ತಿಯನ್ನು ನಾನು ಕಂಡವನು. ಸಹೋದರಿಯ ಬದಲು ಈ ಮೂರು ದಿನ ನಾನೇ ಮಾಡುತ್ತೇನೆ. ನನ್ನ ಬಳಿ ಒಂದು ಓಮ್ನಿ ವ್ಯಾನ್ ಇದೆ. ಅತ್ತೆಯವರನ್ನು ಫಿಜಿಯೊಥೆರಪಿಗೆ ಕರೆದೊಯ್ಯಲು ಬೇಕಾದರೆ ಶನಿವಾರಗಳಂದು ಬರುತ್ತೇನೆ.

ರಾಣೆಬೆನ್ನೂರು ರೈತ | ಗುರುವಾರ, ಬೆಳಿಗ್ಗೆ 8:30

ಅಣ್ಣಾ, ಕೈಮುಗಿದೆ.

ಸಪ್ತಾಪುರದ ಮಗಳು | ಮುಂದಿನ ಶನಿವಾರ, ರಾತ್ರಿ 9:15

ಹೇಳಿದೆ. ಮಂಗಳವಾರ ಕೆಲಗೇರಿ ಕೆರೆಯ ದಂಡೆಯ ಮೇಲೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮದೂ ಒಂದು ಹೇಳಿದರು: ಗೆಳೆಯರೊಬ್ಬರಿಂದ ನಲವತ್ತು ಸಾವಿರ ಕೈಗಡ ತಂದಿದ್ದನ್ನು ನನ್ನಿಂದ ಮುಚ್ಚಿಟ್ಟಿದ್ದರು. ಇಬ್ಬರೂ ಒಂದೇ ಹಾಸಿಗೆಯಲ್ಲಿ ಬೇರೆ ಬೇರೆ ಎಚ್ಚರವಾಗಿದ್ದೆವು. ಅವರ ಸ್ಕೂಟರ್ ಮಾರಿ ಪಾಟ್ಲಿಯ ಬಡ್ಡಿಯನ್ನು ಸದ್ಯಕ್ಕೆ ಕಟ್ಟಿದ್ದೇವೆ. ಅಸಲು ಹಾಗೆಯೇ ಇದೆ.

ದಾದಿ ಅಕ್ಕ ಬಂದು ಮೂರು ಗಂಟೆ ಅತ್ತೆಯವರ ಜೊತೆ ಕುಳಿತಿದ್ದರು. ಇಂದು ವ್ಯಾನ್ ಕೂಡ ಬಂತು. ರಕ್ತಪರೀಕ್ಷೆ ಮಾಡಿಸಿದೆ, ಹಿಮೋಗ್ಲೋಬಿನ್ ಎಂಟೂವರೆ ಇದೆಯಂತೆ. ಮಾತ್ರೆ ಕೊಟ್ಟಿದ್ದಾರೆ. ಮೂರಕ್ಕೆ ಎಚ್ಚರವಾಗುವುದು ಇನ್ನೂ ನಿಂತಿಲ್ಲ. ಆದರೆ ನಿನ್ನೆ ಎಚ್ಚರವಾದಾಗ ಅವರೂ ಎದ್ದರು. ಇಬ್ಬರೂ ಕೂಡಿ ಕರ್ತನ ಪ್ರಾರ್ಥನೆ ಹೇಳಿದೆವು. "ಅನುದಿನದ ಆಹಾರ" ಎಂಬಲ್ಲಿಗೆ ಬಂದಾಗ ಅವರ ಧ್ವನಿ ನಿಂತುಹೋಯಿತು, ನಾನು ಮುಂದುವರಿಸಿದೆ. ನಾಲ್ಕೂವರೆಗೆ ಮತ್ತೆ ನಿದ್ದೆ ಬಂತು.

ಮೇಷ್ಟ್ರೇ, ಆ ಮಾಗಡಿ ಕೆರೆಯ ಹಕ್ಕಿಗಳು ಎಲ್ಲಿಯವರೆಗೆ ಇರುತ್ತವೆ? ಮಗನ ಪರೀಕ್ಷೆ ಮುಗಿದ ಮೇಲೆ ಎಲ್ಲರೂ ಬರಬೇಕು ಎಂದುಕೊಂಡಿದ್ದೇವೆ.

ಗದಗ ಮೇಷ್ಟ್ರು | ಮುಂದಿನ ಶನಿವಾರ, ರಾತ್ರಿ 9:40

ಪರೀಕ್ಷೆ ಮುಗಿಯುವಷ್ಟರಲ್ಲಿ ಹೊರಟುಹೋಗಿರುತ್ತವೆ. ಅದಕ್ಕೂ ಮೊದಲೇ ಒಂದು ದಿನ ಬನ್ನಿ, ಮಗನನ್ನೂ ಕರೆತನ್ನಿ, ಪುಸ್ತಕವನ್ನು ದಂಡೆಯ ಮೇಲೆ ಓದಲಿ. ಗದಗದಲ್ಲಿ ಇಳಿದು ಫೋನ್ ಮಾಡಿ, ನಾನು ಬುತ್ತಿ ಕಟ್ಟಿಸಿಕೊಂಡು ಬರುತ್ತೇನೆ.

ಬೆಟಗೇರಿ ಮಗ್ಗ | ಮುಂದಿನ ಶನಿವಾರ, ರಾತ್ರಿ 9:52

ಬುತ್ತಿ ನಮ್ಮ ಮನೆಯಿಂದ. ಅಜ್ಜಿಯ ಊರಿಗೆ ಬಂದು ಬೇರೆಯವರ ರೊಟ್ಟಿ ತಿನ್ನುವುದು ಎಂದರೇನು?